ಉಗ್ರಾಣದಲ್ಲಿ ಎಷ್ಟಿರಬೇಕು?

ನಮ್ಮ ಮನೆಗಳಲ್ಲಿ ಹಾಲನ್ನು ದಿನದಿನಕ್ಕೆ ಕೊಳ್ಳುತ್ತೇವೆ. ಹುಣಿಸೆಹಣ್ಣನ್ನಾದರೋ ಸುಗ್ಗಿಯಲ್ಲಿ ಕೊಂಡು, ಬೀಜ ಬಿಡಿಸಿ, ಉಪ್ಪು ಬೆರೆಸಿ, ವರ್ಷಕ್ಕಾಗುವಷ್ಟನ್ನು ಜಾಡಿಯಲ್ಲಿ ತುಂಬಿಡುತ್ತೇವೆ. ಹಾಲು ಬೇಗ ಕೆಡುವುದೆಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವೂ ಉಂಟು. ಇಂದು ಮುಗಿದ ಹಾಲು ನಾಳೆ ಬೆಳಗ್ಗೆ ಮರಳಿ ದೊರೆಯುತ್ತದೆ. ಹುಣಿಸೆಯ ಹೊಸ ಬೆಳೆಗೆ ವರ್ಷವಿಡೀ ಕಾಯಬೇಕು. ಮುಗಿದ ವಸ್ತು ಮತ್ತೆ ಕೈಸೇರಲು ಎಷ್ಟು ಕಾಲ ಹಿಡಿಯುವುದೆಂಬ ಈ ವಿಚಾರವನ್ನು ಮನೆಯ ಹಿರಿಯರು ಸಹಜವಾಗಿಯೇ ಬಲ್ಲರು. ಜಗತ್ತಿನ ಅತಿ ದೊಡ್ಡ ಕಾರ್ಖಾನೆಗಳು ಇದನ್ನೇ ಕಷ್ಟಪಟ್ಟು ಕಲಿಯಬೇಕಾಯಿತು.

ಕಾರ್ಖಾನೆಯ ಉಗ್ರಾಣದಲ್ಲಿ ಕೂಡಿಟ್ಟ ಕಚ್ಚಾ ಸಾಮಗ್ರಿ ಮತ್ತು ಬಿಡಿಭಾಗಗಳಿಗೆ ದಾಸ್ತಾನು ಎಂದು ಹೆಸರು. ದಾಸ್ತಾನು ಹೆಚ್ಚಾದರೆ ಅದರಲ್ಲಿ ತೊಡಗಿಸಿದ ಹಣಕ್ಕೆ ಬಡ್ಡಿ ನಷ್ಟ, ಸ್ಥಳಕ್ಕೆ ಬಾಡಿಗೆ, ತುಕ್ಕು ಹಿಡಿಯುವ ಭಯ, ಯಂತ್ರದ ವಿನ್ಯಾಸ ಬದಲಾದರೆ ಕೂಡಿಟ್ಟುದೆಲ್ಲ ನಿರುಪಯುಕ್ತ. ಕಡಿಮೆಯಾದರೆ, ಒಂದೇ ಒಂದು ತಿರುಪುಮೊಳೆಯ ಕೊರತೆಯಿಂದ ನೂರಾರು ಕೆಲಸಗಾರರು ಕೈಕಟ್ಟಿ ಕುಳಿತಿರಬೇಕಾಗುತ್ತದೆ. ಈ ಎರಡರ ನಡುವಣ ಹದವನ್ನು ಕಂಡುಹಿಡಿಯುವುದು ಹೇಗೆ?

ಸಾಮಾನ್ಯ ದಿನಗಳ ಲೆಕ್ಕ

ಕಾರ್ಖಾನೆಯೊಂದರಲ್ಲಿ ದಿನಕ್ಕೆ ಸರಾಸರಿ 100 ತಿರುಪುಮೊಳೆಗಳು ಬೇಕು. ಬರೆದು ತರಿಸಲು 9 ದಿನ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಹಾಗಾದರೆ 900 ಉಳಿದಿರುವಾಗಲೇ ಹೊಸದಕ್ಕೆ ಬರೆಯಬೇಕು. ಆದರೆ ಬಳಕೆ ದಿನವೂ ಒಂದೇ ಸಮನಿರುವುದಿಲ್ಲ. ಈ ಏರಿಳಿತದ ಅಳತೆ, ಅಂದರೆ ಸಂಖ್ಯಾಶಾಸ್ತ್ರಜ್ಞರು ಹೇಳುವ ಮಾನಕ ವಿಚಲನೆ, ದಿನಕ್ಕೆ 20 ಎಂದಿರಲಿ. 9 ದಿನಗಳಿಗೆ ಅದು 180 ಆಗುವುದೆಂದು ಯಾರಿಗಾದರೂ ತೋರಬಹುದು. ಆದರೆ ಒಂದು ದಿನದ ಹೆಚ್ಚಳವನ್ನು ಇನ್ನೊಂದು ದಿನದ ಇಳಿತ ಸ್ವಲ್ಪಮಟ್ಟಿಗೆ ಸರಿದೂಗಿಸುವುದರಿಂದ, ಏರಿಳಿತವು ದಿನಗಳ ವರ್ಗಮೂಲದಂತೆ ಮಾತ್ರ ಬೆಳೆಯುತ್ತದೆ. 9ರ ವರ್ಗಮೂಲ 3, ಆದುದರಿಂದ 60. ಇದರ ಎರಡರಷ್ಟು, ಎಂದರೆ 120, ಹೆಚ್ಚಾಗಿ ಇಟ್ಟುಕೊಂಡು 1020ಕ್ಕೆ ಇಳಿದೊಡನೆ ಬರೆದರೆ, ಹೊಸ ಸರಕು ಬರುವ ಮೊದಲೇ ಉಗ್ರಾಣ ಬರಿದಾಗುವ ಸಂಭವ ನೂರಕ್ಕೆ ಎರಡು ಮೂರು ಸಲ ಮಾತ್ರ.

ಲೆಕ್ಕ ಸೊಗಸಾಗಿದೆ. ಆದರೆ ತರಿಸಿದ ಸರಕು 9ನೆಯ ದಿನ ಬಂದೇ ಬರುವುದೆಂದು ಅದು ನಂಬಿದೆ. ಸರಬರಾಜೇ ನಿಂತುಹೋದರೆ?

ಒಂದು ಪುಟ್ಟ ಕವಾಟ

ಜಪಾನಿನ ಟೊಯೊಟ ಸಂಸ್ಥೆ ದಾಸ್ತಾನನ್ನು ಕಡಿಮೆಮಾಡುವ ವಿದ್ಯೆಯಲ್ಲಿ ಪ್ರಪಂಚಕ್ಕೇ ಗುರುವೆನಿಸಿತ್ತು. ಬೇಕಾದುದನ್ನು, ಬೇಕಾದಾಗ, ಬೇಕಾದಷ್ಟೇ ತರಿಸಬೇಕೆಂಬ ಕೀಚಿರೊ ಟೊಯೊಡರ ವಿಚಾರವನ್ನು ತೈಚಿ ಓನೊ ಎಂಬ ಎಂಜಿನಿಯರರು ಎರಡನೆಯ ಮಹಾಯುದ್ಧದ ಅನಂತರ ಕಾರ್ಯರೂಪಕ್ಕೆ ತಂದರು. ಬಿಡಿಭಾಗಗಳ ಪೆಟ್ಟಿಗೆಗೆ ‘ಕಾನ್‌ಬಾನ್’ ಎಂಬ ಚೀಟಿ ಇರುತ್ತದೆ. ಭಾಗಗಳು ಬಳಕೆಯಾದಂತೆ ಚೀಟಿ ಹಿಂದಿನ ಹಂತಕ್ಕೆ ಮರಳುತ್ತದೆ. ಆಗ ಮಾತ್ರ ಹೊಸ ಪೆಟ್ಟಿಗೆ ಸಿದ್ಧವಾಗುತ್ತದೆ. ಕೆರೆಯ ನೀರು ಇಳಿದಾಗ ತಳದ ಬಂಡೆಗಳು ಕಾಣುವಂತೆ, ದಾಸ್ತಾನು ಇಳಿದಾಗ ಕಾರ್ಖಾನೆಯ ದೋಷಗಳೆಲ್ಲ ಬೆಳಕಿಗೆ ಬರುತ್ತವೆ. ಇದು ಈ ಪದ್ಧತಿಯ ನಿಜವಾದ ಹಿರಿಮೆ.

1997ರ ಫೆಬ್ರವರಿ 1ರಂದು ನಸುಕಿನಲ್ಲಿ, ಕರಿಯ ಎಂಬ ಊರಿನಲ್ಲಿದ್ದ ಐಸಿನ್ ಸಂಸ್ಥೆಯ ಕಾರ್ಖಾನೆಗೆ ಬೆಂಕಿ ಬಿದ್ದಿತು. ಟೊಯೊಟ ಕಾರುಗಳ ಬ್ರೇಕಿಗೆ ಬೇಕಾದ, ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣದಾದ ಕವಾಟವೊಂದು ಹೆಚ್ಚು ಕಡಿಮೆ ಪೂರ್ತಿಯಾಗಿ ಅಲ್ಲಿಂದಲೇ ಬರುತ್ತಿದ್ದಿತು. ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುವುವಷ್ಟೆ. ಆಗ ಅವುಗಳ ಮೇಲೂ ಮುಂದಿನವುಗಳಷ್ಟೇ ಒತ್ತಡ ಬಿದ್ದರೆ ಅವು ಬಿಗಿದುಕೊಂಡು ಕಾರು ಜಾರಿಹೋದೀತು. ಆ ಒತ್ತಡವನ್ನು ಮಿತಿಯಲ್ಲಿಡುವುದೇ ಈ ಕವಾಟದ ಕೆಲಸ. ಬೆಲೆ ಅತ್ಯಲ್ಪ, ಅದಿಲ್ಲದೆ ಕಾರು ಹೊರಡುವಂತಿಲ್ಲ.

ಟೊಯೊಟದಲ್ಲಿದ್ದ ದಾಸ್ತಾನು ಕೆಲವು ಗಂಟೆಗಳಿಗೆ ಸಾಲುವಷ್ಟು ಮಾತ್ರ. ಮೂರು ನಾಲ್ಕು ದಿನಗಳೊಳಗೆ ಜಪಾನಿನಲ್ಲಿದ್ದ ಅದರ ಕಾರ್ಖಾನೆಗಳು ಬಹುಮಟ್ಟಿಗೆ ಸ್ತಬ್ಧವಾದುವು. ಕವಾಟವನ್ನು ಕೊರೆಯುವ ವಿಶೇಷ ಯಂತ್ರಗಳು ನೂರಾರು ಸುಟ್ಟುಹೋಗಿದ್ದುವು. ಅವನ್ನು ಮತ್ತೆ ಮಾಡಿಸಲು ತಿಂಗಳುಗಳೇ ಬೇಕು.

ಆದರೆ ನಡೆದುದೇ ಬೇರೆ. ಐಸಿನ್ ತನ್ನ ನಕ್ಷೆಗಳನ್ನು ಇತರರಿಗೆ ಬಿಟ್ಟುಕೊಟ್ಟಿತು. ಸುಮಾರು 60 ಸಂಸ್ಥೆಗಳು, ಹಣದ ಮಾತನ್ನು ಆಮೇಲೆ ಆಡೋಣವೆಂದು ಬದಿಗಿಟ್ಟು, ತಮ್ಮಲ್ಲಿದ್ದ ಸಾಮಾನ್ಯ ಯಂತ್ರಗಳಿಂದಲೇ ಕವಾಟಗಳನ್ನು ಮಾಡತೊಡಗಿದುವು. ಅವುಗಳಲ್ಲಿ ಹೊಲಿಗೆಯಂತ್ರಗಳಿಗೆ ಹೆಸರಾದ ಬ್ರದರ್ ಸಂಸ್ಥೆಯೂ ಒಂದು. ಹೀಗೆ ಮಾಡಿದ ಕವಾಟಗಳಿಗೆ ಶ್ರಮ ಹೆಚ್ಚು, ವೆಚ್ಚವೂ ಹೆಚ್ಚು. ಆದರೂ ಒಂದು ವಾರ ಕಳೆದು ಸ್ವಲ್ಪ ದಿನಗಳಲ್ಲಿಯೇ ಉತ್ಪಾದನೆ ಮೊದಲಿನ ಮಟ್ಟಕ್ಕೆ ಮರಳಿತು. ಅಷ್ಟರಲ್ಲಿ ತಯಾರಾಗದೆ ಉಳಿದ ಕಾರುಗಳ ಸಂಖ್ಯೆ ಸುಮಾರು 70,000.

ಇಲ್ಲಿ ಕೈಹಿಡಿದುದು ಕೂಡಿಟ್ಟ ಸರಕಲ್ಲ. ಅದೇ ವಸ್ತುವನ್ನು ಬೇರೆ ಕೈಗಳಿಂದ ಬೇಗ ಮಾಡಿಸಬಲ್ಲ ಸಾಮರ್ಥ್ಯ. ಅಂತಹ ಕವಾಟದಲ್ಲಿ ನೂರಕ್ಕೂ ಹೆಚ್ಚು ಬಗೆಗಳಿದ್ದುವು. ಪ್ರತಿಯೊಂದನ್ನೂ ತಿಂಗಳುಗಟ್ಟಲೆಗೆ ಕೂಡಿಡಹೊರಟರೆ ಉಗ್ರಾಣದ ಖರ್ಚಿಗೆ ಮಿತಿಯಿರುತ್ತಿರಲಿಲ್ಲ.

ಕೂಡಿಡಲೇಬೇಕಾದುದು

ಆದರೆ ಎಲ್ಲ ವಸ್ತುಗಳೂ ಕವಾಟದಂತಲ್ಲ. 2011ರ ಮಾರ್ಚ್ 11ರ ಮಹಾಭೂಕಂಪದಲ್ಲಿ ರೆನೆಸಾಸ್ ಸಂಸ್ಥೆಯ ನಾಕಾ ಕಾರ್ಖಾನೆ ಹಾನಿಗೊಂಡಿತು. ಕಾರಿನ ಎಂಜಿನ್ ಮುಂತಾದುವನ್ನು ನಿಯಂತ್ರಿಸುವ ಸಿಲಿಕಾನ್ ಚಿಪ್ಪುಗಳು ಅಲ್ಲಿ ತಯಾರಾಗುತ್ತಿದ್ದುವು. ಚಿಪ್ಪು ನೂರಾರು ಹಂತಗಳನ್ನು ದಾಟಿ ಸಿದ್ಧವಾಗಲು ತಿಂಗಳುಗಳು ಹಿಡಿಯುತ್ತವೆ. ಒಂದು ಕಾರ್ಖಾನೆಗಾಗಿ ಹೊಂದಿಸಿದ ವಿನ್ಯಾಸವನ್ನು ನೆರೆಯ ಹೊಲಿಗೆಯಂತ್ರದ ಕಾರ್ಖಾನೆಗೆ ಒಯ್ಯುವಂತಿಲ್ಲ. ಜಪಾನಿನಿಂದ ಬರುವ ಭಾಗಗಳ ಕೊರತೆಯಿಂದ, ನಮ್ಮ ಬಿಡದಿಯಲ್ಲಿರುವ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆಯೂ ಆ ವರ್ಷ ಉತ್ಪಾದನೆಯನ್ನು ತಗ್ಗಿಸಬೇಕಾಯಿತು.

ಅನಂತರ ಟೊಯೊಟ ತನಗೆ ಸರಬರಾಜು ಮಾಡುವವರಿಗೆ ಸರಬರಾಜು ಮಾಡುವವರು ಯಾರು, ಅವರಿಗೆ ಯಾರು ಎಂಬುದಾಗಿ ಸರಪಳಿಯ ಬುಡದವರೆಗೂ ವಿಚಾರಿಸಿ ದಾಖಲೆ ಮಾಡಿಕೊಂಡಿತು. ದುರಂತದ ಬಳಿಕ ಮರಳಿ ದೊರೆಯಲು ತಡವಾಗುವ ಚಿಪ್ಪುಗಳನ್ನು, ಆಯಾ ಕಾಲಾವಧಿಗೆ ತಕ್ಕಂತೆ, 2ರಿಂದ 6 ತಿಂಗಳಿಗಾಗುವಷ್ಟು ಕೂಡಿಡುವಂತೆ ಏರ್ಪಾಡು ಮಾಡಿತು. ಅತ್ಯಲ್ಪ ದಾಸ್ತಾನಿನ ಗುರುವೇ ಹೀಗೆ ಆಯ್ದ ವಸ್ತುಗಳಿಗೆ ಹುಣಿಸೆಯ ಜಾಡಿಯನ್ನಿಟ್ಟುದು ಗಮನಾರ್ಹ.

2021ರಲ್ಲಿ ಲೋಕವನ್ನೆಲ್ಲ ಚಿಪ್ಪಿನ ಕ್ಷಾಮ ಆವರಿಸಿದಾಗ, ಇತರ ಹಲವು ಸಂಸ್ಥೆಗಳು ತತ್ತರಿಸುತ್ತಿದ್ದರೂ ಟೊಯೊಟ ಕೆಲವು ತಿಂಗಳು ನಿರಾತಂಕವಾಗಿ ನಡೆಯಿತು. ಆದರೆ ಕೊರತೆ ಮುಗಿಯಲಿಲ್ಲ. ಕೊರೋನಾ ಪಿಡುಗಿನಿಂದ ಆಗ್ನೇಯ ಏಷ್ಯದ ಬಿಡಿಭಾಗಗಳ ಸರಬರಾಜೂ ಕುಂಠಿತವಾಗಿ, ಸೆಪ್ಟೆಂಬರಿನ ಉತ್ಪಾದನೆಯನ್ನು ನೂರಕ್ಕೆ 40ರಷ್ಟು ಕಡಿತಗೊಳಿಸುವುದಾಗಿ ಅದೂ ಪ್ರಕಟಿಸಬೇಕಾಯಿತು. ದಾಸ್ತಾನು ನಮಗೆ ಕಾಲವನ್ನು ಒದಗಿಸುತ್ತದೆಯಷ್ಟೆ. ಆ ಕಾಲದಲ್ಲಿ ಬೇರೆ ದಾರಿ ಸಿದ್ಧವಾಗದಿದ್ದರೆ ಉಗ್ರಾಣ ಎಷ್ಟು ದೊಡ್ಡದಿದ್ದರೂ ಒಂದು ದಿನ ಬರಿದಾಗುವುದು ನಿಶ್ಚಯ.

ವಿದ್ಯಾರ್ಥಿಗಳು ಇದನ್ನು ತಮ್ಮ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಅಲ್ಲಿನ ವಸ್ತುಗಳನ್ನೆಲ್ಲ ಪಟ್ಟಿಮಾಡಿ, ಪ್ರತಿಯೊಂದರ ಮುಂದೆ ಬೆಲೆಯ ಬದಲು, ಅದು ಒಡೆದರೆ ಇಲ್ಲವೆ ಮುಗಿದರೆ ಮತ್ತೆ ತರಿಸಲು ಹಿಡಿಯುವ ದಿನಗಳನ್ನೂ, ಅದನ್ನು ಕೊಡಬಲ್ಲ ಅಂಗಡಿಗಳ ಸಂಖ್ಯೆಯನ್ನೂ ಬರೆಯಿರಿ. ದಿನಗಳು ಹೆಚ್ಚಾಗಿದ್ದು, ಅಂಗಡಿ ಒಂದೇ ಇರುವ ವಸ್ತು ಯಾವುದೆಂದು ನೋಡಿರಿ. ಅದು ಕೆಲವೇ ರೂಪಾಯಿಗಳ ಗಾಜಿನ ಕೊಳವೆಯಾಗಿದ್ದರೂ ಆಶ್ಚರ್ಯವಿಲ್ಲ.