ಮೂಳೆಯ ಮದ್ದಿಗೆ ಮೂಲವಾದ ಒಂದು ತಲೆಕೆಳಗಿನ ಪ್ರಶ್ನೆ

ರಕ್ತದಲ್ಲಿ ಅಷ್ಟೊಂದು ಕ್ಯಾಲ್ಸಿಯಂ, ಫಾಸ್ಫೇಟ್ ಇದ್ದರೂ ನಮ್ಮ ರಕ್ತನಾಳಗಳೇಕೆ ಮೂಳೆಯಂತೆ ಗಟ್ಟಿಯಾಗುವುದಿಲ್ಲ? ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಷ್ 1960ರ ದಶಕದಲ್ಲಿ ಬೆನ್ನುಹತ್ತಿದ್ದು ಈ ಪ್ರಶ್ನೆಯನ್ನು. ರಕ್ತ, ಮೂತ್ರಗಳಲ್ಲಿರುವ ಪೈರೋಫಾಸ್ಫೇಟ್ ಎಂಬ ಸಣ್ಣ ಅಣು ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟುವುದನ್ನು ತಡೆಯುತ್ತದೆಂದು ಅವರ ತಂಡ ತೋರಿಸಿತು. ಆದರೆ ಅದನ್ನು ನುಂಗಿದರೆ ಹೊಟ್ಟೆಯಲ್ಲೇ ಒಡೆದುಹೋಗುತ್ತದೆ. ಮದ್ದಾಗಿ ಕೆಲಸಕ್ಕೆ ಬಾರದು. ಆದರೆ ಅದರ ಎರಡು ರಂಜಕಗಳ ನಡುವಿನ ಆಮ್ಲಜನಕದ ಜಾಗದಲ್ಲಿ ಇಂಗಾಲವಿದ್ದರೆ ಕಿಣ್ವಗಳಿಗೆ ಆ ಕೊಂಡಿ ಬಗ್ಗುವುದಿಲ್ಲ. ಅಂಥ ಅಣುಗಳಾದ ಬಿಸ್‌ಫಾಸ್ಫೊನೇಟುಗಳು ಮೂಳೆಯ ಸವೆತವನ್ನೂ ತಡೆಯುತ್ತವೆಂದು 1969ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನಗಳು ಸಾರಿದವು. ಅದೇ ಗುಂಪಿನ ಅಲೆಂಡ್ರೊನೇಟ್ ಎಂಬ ಮೂಳೆಸವೆತದ ಮದ್ದಿಗೆ ಅಮೆರಿಕದಲ್ಲಿ 1995ರಲ್ಲಿ ಮಂಜೂರಾತಿ ಸಿಕ್ಕಿತು.

ಇದು ಅದೃಷ್ಟದ ಆಟವಲ್ಲವೇ ಎನ್ನಬಹುದು. ಮೂಳೆಯ ಹರಳಿಗೆ ಅಂಟಿಕೊಂಡು ಅದು ಕರಗದಂತೆ ಕಾಯುವುದೇ ಮದ್ದಿನ ಕೆಲಸವೆಂಬ ಮೊದಲ ಊಹೆ ಪೂರ್ತಿ ಸರಿಯಿರಲಿಲ್ಲ, ನಿಜ. ಸಾರಜನಕವಿರುವ ಬಿಸ್‌ಫಾಸ್ಫೊನೇಟುಗಳು ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶದೊಳಗೆ ಹೊಕ್ಕು, ಅದಕ್ಕೆ ಅತ್ಯಗತ್ಯವಾದ ಒಂದು ಕಿಣ್ವವನ್ನೇ ಕಟ್ಟಿಹಾಕುತ್ತವೆಂದು ಗೊತ್ತಾದದ್ದು ಆಮೇಲೆ. ಆದರೂ ಹರಳಿಗೆ ಅಂಟುವ ಗುಣವಿಲ್ಲದಿದ್ದರೆ ಮದ್ದು ಆ ಕೋಶದ ಬಾಯಿಗೆ ಬೀಳುತ್ತಲೇ ಇರಲಿಲ್ಲ! ಅರೆಸತ್ಯವೂ ಪ್ರಯೋಗಕ್ಕೆ ಒಗ್ಗಿದರೆ ದಾರಿ ತೋರೀತು. ಇದನ್ನು ಬರೀ ಅದೃಷ್ಟ ಎನ್ನಲು ನನಗೆ ಮನಸ್ಸಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ದೀರ್ಘಕಾಲ ಸೇವಿಸಿದವರಲ್ಲಿ ಅಪರೂಪಕ್ಕೆ ತೊಡೆಮೂಳೆ ವಿಚಿತ್ರವಾಗಿ ಮುರಿಯುತ್ತದೆ, ದವಡೆಯ ಮೂಳೆ ಕೊಳೆಯುತ್ತದೆ. ಹಾಗೆಂದು ಮದ್ದನ್ನೇ ಬಿಸಾಡಬೇಕಿಲ್ಲ. ಮುರಿತದ ಅಪಾಯ ಹೆಚ್ಚಿರುವವರಿಗೆ ಲಾಭವೇ ಮಿಗಿಲು. ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವ ಮದ್ದಾದ್ದರಿಂದ, ಸುಮಾರು 5 ವರ್ಷ ಮಾತ್ರೆ ನುಂಗಿದ ಮೇಲೆ ಅಪಾಯ ಕಡಿಮೆಯಿರುವವರಿಗೆ ವೈದ್ಯರು ಬಿಡುವು ಕೊಡುವುದೂ ಉಂಟು.