ಉಗುರಿಗೆ ಟೇಪು, ಹಾಡಿಗೆ ಸ್ವಂತ ಕಂಪನಿ

ಗಿಟಾರ್ ತಂತಿಯನ್ನು ಬಿರುಸಾಗಿ ಮೀಟಿದರೆ ಉಗುರು ಮುರಿಯುತ್ತದೆ. ಅಮೆರಿಕದ ಗಾಯಕಿ ಆನಿ ಡಿಫ್ರಾಂಕೊ ಕಂಡುಕೊಂಡ ಉಪಾಯ ಸರಳ: ಕೃತಕ ಉಗುರು, ಅದರ ಮೇಲೆ ಎಲೆಕ್ಟ್ರಿಷಿಯನ್‌ಗಳ ಟೇಪು.

ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ಈಕೆ 1990ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲೇ, ‘ರೈಚಸ್ ಬೇಬ್’ ಎಂಬ ಸ್ವಂತ ಧ್ವನಿಮುದ್ರಣ ಸಂಸ್ಥೆ ಕಟ್ಟಿದರು. ದೊಡ್ಡ ಕಂಪನಿಗಳು ಕರೆದರೂ ಹೋಗಲಿಲ್ಲ. ಹೋಗಿದ್ದರೆ ಪ್ರಚಾರ ಸಿಗುತ್ತಿತ್ತು. ಹಾಡಿನ ಮೇಲಿನ ಹಿಡಿತ ಕೈತಪ್ಪುತ್ತಿತ್ತು. ಜಾಹೀರಾತಿಗೆ ಹಣವಿಲ್ಲದವರಿಗೆ ವೇದಿಕೆಯೇ ಜಾಹೀರಾತು. ಊರೂರು ಸುತ್ತಿ ಹಾಡಿದರು, ಅಲ್ಲೇ ಕ್ಯಾಸೆಟ್ ಮಾರಿದರು.

ಡ್ರಮ್ಸ್‌ನ ಆಂಡಿ ಸ್ಟೊಚಾನ್‌ಸ್ಕಿ, ಬೇಸ್ ಗಿಟಾರಿನ ಸಾರಾ ಲೀ ಜೊತೆಗಿನ ಕಛೇರಿಗಳ ಧ್ವನಿಮುದ್ರಿಕೆ ‘ಲಿವಿಂಗ್ ಇನ್ ಕ್ಲಿಪ್’ 1997ರಲ್ಲಿ ಹೊರಬಂತು. ಆಂಪ್ಲಿಫೈಯರ್ ತನ್ನ ಮಿತಿ ಮೀರಿ ಧ್ವನಿ ಒಡೆಯುವುದೇ ‘ಕ್ಲಿಪ್’. ಮಿತಿಯೊಳಗೆ ಹಾಡುವುದು ಈ ತಂಡದ ಜಾಯಮಾನವಾಗಿರಲಿಲ್ಲ.