ಬೆಸ್ಟ್ ಗೇಮ್ ಯಾವುದು ಅಂತ ಮಾತ್ರ ಕೇಳಬೇಡಿ

ನಮ್ಮ ಪಾಡ್‌ಕಾಸ್ಟ್‌ಗೆ ತಪ್ಪದೆ ಬರುವ ಪ್ರಶ್ನೆ ಒಂದಿದೆ: ‘ಬೆಸ್ಟ್ ಗೇಮ್ ಯಾವುದು?’ ಕೇಳುಗರ ಪ್ರಶ್ನೆಗಳನ್ನು ಆರಿಸುವ ಕೆಲಸ ನನ್ನದು. ಇದನ್ನು ಕಂಡ ಕೂಡಲೇ ಬದಿಗಿಡುತ್ತೇನೆ. ಕೇಳಿದವರ ಮೇಲೆ ಸಿಟ್ಟೇನಿಲ್ಲ. ಮೈಕಿನ ಮುಂದೆ ಇದನ್ನು ಎತ್ತಿದರೆ ಮೂವರೂ ಮೂರು ಹೆಸರು ಹೇಳುತ್ತೇವೆ, ‘ಹೌದು, ಅದೂ ಚೆನ್ನಾಗಿದೆ’ ಎನ್ನುತ್ತೇವೆ, ಮಾತು ಅಲ್ಲಿಗೇ ಮುಗಿಯುತ್ತದೆ.

ನಮ್ಮಲ್ಲಿ ಒಬ್ಬ ಬ್ಯಾಂಕಿನ ಸಾಲ ವಿಭಾಗದವನು, ಒಬ್ಬಳು ಹಲ್ಲಿನ ಡಾಕ್ಟರು. ನಾನು ಜಾಹೀರಾತುಗಳಿಗೆ ಸೌಂಡ್ ಎಡಿಟಿಂಗ್ ಮಾಡುವವಳು. ಶನಿವಾರ ರಾತ್ರಿ ಬೆಂಗಳೂರಿನ ಜಯನಗರದ ಮನೆಯೊಂದರಲ್ಲಿ ಫ್ಯಾನ್ ಆರಿಸಿ, ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ವಿಡಿಯೊ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಹರಟುತ್ತೇವೆ. ಅದನ್ನೇ ಕತ್ತರಿಸಿ ಒಪ್ಪ ಮಾಡಿ ಹಾಕುತ್ತೇನೆ. ಜನ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ತಮಗೆ ಬಿಡುವಾದಾಗ ಫೋನಿನಲ್ಲಿ ಕೇಳಿಕೊಳ್ಳುತ್ತಾರೆ. ಗೇಮ್ ಮುಟ್ಟದವರೂ ಕೇಳುತ್ತಾರೆಂಬುದು ಅವರ ಪ್ರಶ್ನೆಗಳಿಂದಲೇ ಗೊತ್ತಾಯಿತು. ಅವು ಬರುವುದು ಹೆಚ್ಚಾಗಿ ವಾಟ್ಸ್ಆ್ಯಪ್ ವಾಯ್ಸ್ ನೋಟ್ ಆಗಿ. ಹಿಂದೆ ಕುಕ್ಕರ್ ಸೀಟಿಯೂ ಇರುತ್ತದೆ.

ಈ ಕಸುಬಿನಲ್ಲಿ ಹಿರಿಯರಿದ್ದಾರೆ. ಅಮೆರಿಕದಲ್ಲಿ ಹಳೆಯ ಗೇಮ್‌ಗಳ ಬಗ್ಗೆಯೇ ಮಾತಾಡುವ ‘ರೆಟ್ರೋನಾಟ್ಸ್’ 2006ರಲ್ಲಿ, ‘ಜೈಂಟ್ ಬಾಂಬ್‌ಕಾಸ್ಟ್’ 2008ರಲ್ಲಿ ಶುರುವಾದವು. ಎರಡರಲ್ಲೂ ಕೇಳುಗರ ಪತ್ರಗಳಿಗೆ ಜಾಗವಿತ್ತು. 2020ರಲ್ಲಿ ಮೂವರು ಪತ್ರಕರ್ತರು ಆರಂಭಿಸಿದ ‘ಟ್ರಿಪಲ್ ಕ್ಲಿಕ್’ ಕೆಲವು ಕಂತುಗಳನ್ನು ಇಡಿಯಾಗಿ ಕೇಳುಗರ ಪ್ರಶ್ನೆಗಳಿಗೇ ಬಿಡುತ್ತದೆ. ಬ್ರಿಟನ್ನಿನ ಪತ್ರಕರ್ತ ಸೈಮನ್ ಪಾರ್ಕಿನ್ ನಡೆಸುವ ‘ಮೈ ಪರ್ಫೆಕ್ಟ್ ಕನ್ಸೋಲ್’ನಲ್ಲಿ ಅತಿಥಿಗಳು ಐದೇ ಐದು ಗೇಮ್ ಆರಿಸಿ, ಅವು ಯಾಕೆ ಎಂದು ಹೇಳಬೇಕು. ಇದರ ಬೇರು ರೇಡಿಯೊದಲ್ಲಿದೆ. ನಿರ್ಜನ ದ್ವೀಪಕ್ಕೆ ಎಂಟು ಗ್ರಾಮಾಫೋನ್ ಪ್ಲೇಟು ಒಯ್ಯುವುದಾದರೆ ಯಾವುವು ಎಂದು ಕೇಳುವ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಬಿಬಿಸಿಯಲ್ಲಿ 1942ರಲ್ಲೇ ಆರಂಭವಾಗಿತ್ತು. ‘ಬೆಸ್ಟ್ ಯಾವುದು’ ಎನ್ನುವುದಕ್ಕೂ ‘ಐದೇ ಕೊಡ್ತೀನಿ, ಆರಿಸು’ ಎನ್ನುವುದಕ್ಕೂ ವ್ಯತ್ಯಾಸ ಇಲ್ಲಿದೆ. ಮಿತಿ ಹಾಕಿದಾಗ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಬಿಟ್ಟುಕೊಡುವಾಗ ಮನುಷ್ಯ ತನ್ನ ಬಗ್ಗೆ ಮಾತಾಡುತ್ತಾನೆ.

ನನ್ನ ಆಯ್ಕೆಯ ಸೂತ್ರವೂ ಅಷ್ಟೇ: ಪ್ರಶ್ನೆಯಲ್ಲಿ ಕೇಳುವವರ ಪೇಚಾಟ ಇರಬೇಕು. ‘ಈ ಫೋನಿನಲ್ಲಿ ಆ ಗೇಮ್ ಓಡುತ್ತಾ?’ ಎಂಬಂಥವಕ್ಕೆ ಅಲ್ಲೇ ಉತ್ತರ ಟೈಪ್ ಮಾಡಿ ಕಳಿಸುತ್ತೇನೆ. ಅಂಕಿ-ಅಂಶ ಬೇಕಾದ ವಿಷಯವನ್ನು ಇಬ್ಬರಿಗೂ ಮೊದಲೇ ಕಳಿಸುತ್ತೇನೆ. ಉಳಿದವನ್ನು ಮೈಕ್ ಆನ್ ಆಗುವವರೆಗೆ ತೋರಿಸುವುದಿಲ್ಲ. ತಯಾರಿ ಮಾಡಿಕೊಂಡು ಬಂದ ಅಭಿಪ್ರಾಯ ಕಿವಿಗೆ ಸಪ್ಪೆ.

ಅಮ್ಮನಿಗೆ ಯಾವ ಗೇಮ್?

ತುಮಕೂರಿನಿಂದ ಒಬ್ಬಳು ಕೇಳಿದ್ದಳು: ‘ಅಮ್ಮ ರಿಟೈರ್ ಆಗಿದ್ದಾರೆ. ನಾನು ಅಷ್ಟು ಹೊತ್ತು ಏನು ಆಡ್ತೀನಿ ಅಂತ ಅವರಿಗೆ ಕುತೂಹಲ. ಒಂದೇ ಒಂದು ಗೇಮ್ ಕೊಡೋದಾದ್ರೆ ಯಾವುದು ಕೊಡಲಿ?’

ಈ ಪ್ರಶ್ನೆ ನಮ್ಮ ಅರ್ಧ ಕಂತನ್ನು ನುಂಗಿತು. ಇವತ್ತಿನ ಬಹುಪಾಲು ದೊಡ್ಡ ಗೇಮ್‌ಗಳಲ್ಲಿ ಕಂಟ್ರೋಲರಿನ ಎಡಗಡ್ಡಿ ನಡೆಯಲು, ಬಲಗಡ್ಡಿ ಸುತ್ತ ನೋಡಲು. ಎರಡು ಹೆಬ್ಬೆರಳೂ ಒಟ್ಟಿಗೆ ಕೆಲಸ ಮಾಡಬೇಕು. ರೂಢಿಯಾದವರಿಗೆ ಅದು ಕೆಲಸ ಅಂತಲೇ ಅನ್ನಿಸುವುದಿಲ್ಲ. ಹೊಸಬರು ಗೋಡೆಗೆ ಮುಖ ಒತ್ತಿ ನಡೆಯುತ್ತಿರುತ್ತಾರೆ. ಡಾಕ್ಟರು ಮಂಡ್ಯದಿಂದ ಬಂದಿದ್ದ ತನ್ನ ಅತ್ತೆಗೆ ಕಂಟ್ರೋಲರ್ ಕೊಟ್ಟಿದ್ದಳಂತೆ. ಸ್ವಲ್ಪ ಹೊತ್ತಿಗೇ ಅತ್ತೆ, ‘ಇವ್ನು ಯಾಕಮ್ಮಿ ಬರೀ ಆಕಾಸ ನೋಡ್ಕಂಡು ನಿಂತವ್ನೆ?’ ಅಂದರಂತೆ.

ಆಮೇಲೆ ಅವಳು ಹಾಕಿಕೊಟ್ಟದ್ದು ‘ಅನ್‌ಪ್ಯಾಕಿಂಗ್’. ಆಸ್ಟ್ರೇಲಿಯಾದ ವಿಚ್ ಬೀಮ್ ಎಂಬ ಸಣ್ಣ ತಂಡ 2021ರಲ್ಲಿ ತಂದ ಗೇಮ್ ಇದು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ಕಥನಕ್ಕೆ ಬಹುಮಾನ ಪಡೆಯಿತು. ಇದರಲ್ಲಿ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಮನೆ ಬದಲಾಯಿಸಿದ ಹುಡುಗಿಯೊಬ್ಬಳ ಪೆಟ್ಟಿಗೆಗಳನ್ನು ಬಿಚ್ಚಿ ಪಾತ್ರೆ, ಪುಸ್ತಕ, ಬಟ್ಟೆಗಳನ್ನು ಜಾಗಕ್ಕೆ ಜೋಡಿಸಬೇಕು, ಅಷ್ಟೇ. 1997ರಿಂದ 2018ರವರೆಗೆ ಅವಳು ಮನೆಯಿಂದ ಮನೆಗೆ ಹೋಗುತ್ತಾಳೆ. ಅವಳ ಮುಖ ಕಾಣುವುದಿಲ್ಲ. ಸಾಮಾನುಗಳೇ ಕಥೆ ಹೇಳುತ್ತವೆ. 2010ರಲ್ಲಿ ಅವಳು ಗೆಳೆಯನ ಫ್ಲ್ಯಾಟಿಗೆ ಹೋಗುತ್ತಾಳೆ. ಅವನ ವಸ್ತುಗಳೇ ಮನೆ ತುಂಬ. ಅವಳ ಪದವಿ ಸರ್ಟಿಫಿಕೇಟಿನ ಫ್ರೇಮನ್ನು ಯಾವ ಗೋಡೆಗೆ ಹಾಕಿದರೂ ಗೇಮ್ ಒಪ್ಪುವುದಿಲ್ಲ. ಕೊನೆಗೆ ಅದನ್ನು ಮಂಚದ ಕೆಳಗೆ ತಳ್ಳಬೇಕು.

ಅತ್ತೆ ಅಲ್ಲಿ ಕೈಬಿಟ್ಟು ಹೇಳಿದರಂತೆ: ‘ಓದಿರೋ ಸರ್ಟಿಫಿಕೇಟ್ನೇ ಮಂಚದ್ ಕೆಳಕ್ಕೆ ಇಡುಸ್ತಾನಲ್ಲ, ಇವನ್ ಜೊತೆ ಇವಳು ಬಾಳಕಿಲ್ಲ ಕಣಮ್ಮಿ.’ ಮುಂದಿನ ಹಂತದಲ್ಲಿ, 2012ಕ್ಕೆ, ಅವಳು ಅಪ್ಪ-ಅಮ್ಮನ ಮನೆಗೆ ವಾಪಸ್. ಗೇಮ್ ಮಾಡಿದವರು ಏನು ಹೇಳಬೇಕೆಂದಿದ್ದರೋ ಅದನ್ನು ಅತ್ತೆ ಒಂದು ಹಂತ ಮೊದಲೇ ಓದಿದ್ದರು. ಬೆಸ್ಟ್ ಗೇಮ್ ಪಟ್ಟಿ ಕೇಳಿದ್ದರೆ ಈ ಮಾತು ಎಲ್ಲಿ ಬರುತ್ತಿತ್ತು?

ಸುಲಭ ಮಾಡಿಕೊಂಡರೆ ತಪ್ಪೇ?

ಹುಬ್ಬಳ್ಳಿಯ ಹುಡುಗನ ವಾಯ್ಸ್ ನೋಟ್: ‘ಅಕ್ಕಾರ, ಈಝಿ ಮೋಡ್‌ನ್ಯಾಗ ಆಡಿ ಮುಗಿಸಿದ್ರ ಅದು ಮುಗಿಸಿದಂಗ ಆಗತೈತೋ ಇಲ್ಲೋ? ನಮ್ಮ ದೋಸ್ತ್‌ಗೋಳು ಒಪ್ಪವಲ್ರು.’

ಗೇಮ್ ಲೋಕದ ಹಳೆಯ ಜಗಳವಿದು. ಅನೇಕ ಗೇಮ್‌ಗಳು ಶುರುವಿನಲ್ಲೇ ಸುಲಭ, ಸಾಧಾರಣ, ಕಠಿಣ ಎಂದು ಆರಿಸಲು ಬಿಡುತ್ತವೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ‘ಸೆಕಿರೊ’ 2019ರಲ್ಲಿ ಬಂದಾಗ ಅಂಥ ಆಯ್ಕೆಯೇ ಇರಲಿಲ್ಲ. ಕತ್ತಿ ಕಾಳಗದಲ್ಲಿ ಎದುರಾಳಿಯ ಏಟನ್ನು ಕ್ಷಣ ಹಿಡಿದು ತಡೆಯಲು ಬಾರದಿದ್ದರೆ ಮುಂದೆ ದಾರಿಯಿಲ್ಲ. ಪರ-ವಿರೋಧ ಚರ್ಚೆ ಜೋರಾಗಿ ನಡೆಯಿತು; ಆ ಡಿಸೆಂಬರ್‌ನಲ್ಲಿ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿಯೂ ಅದಕ್ಕೇ ಬಂತು.

ಬ್ಯಾಂಕಿನವನು ಸೆಕಿರೊ ಪಕ್ಷ. ‘ಎಲ್ಲರೂ ಒಂದೇ ಗೋಡೆಗೆ ತಲೆ ಚಚ್ಚಿಕೊಂಡಿದೀವಿ ಅನ್ನೋದೇ ಅದರ ಮಜಾ’ ಎನ್ನುತ್ತಾನೆ. ಡಾಕ್ಟರು ‘ಸೆಲೆಸ್ಟ್’ ಹೆಸರು ತೆಗೆದಳು. 2018ರ ಗೇಮ್, ಮ್ಯಾಡಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ. ತಪ್ಪು ಹೆಜ್ಜೆಗೊಂದು ಸಾವು, ಮತ್ತೆ ಅಲ್ಲಿಂದಲೇ ಶುರು. ಅದೂ ಕಷ್ಟದ ಆಟವೇ. ಆದರೆ ಅದರಲ್ಲಿ ಅಸಿಸ್ಟ್ ಮೋಡ್ ಎಂಬ ಸಹಾಯದ ಏರ್ಪಾಡಿದೆ. ಆಟದ ವೇಗವನ್ನು ಶೇ 10ರ ಮೆಟ್ಟಿಲಲ್ಲಿ ಅರ್ಧದವರೆಗೆ ಇಳಿಸಬಹುದು; ಬೇಕೆಂದರೆ ಸಾಯದಂತೆಯೂ ಮಾಡಿಕೊಳ್ಳಬಹುದು. ‘ದಿನವಿಡೀ ಬಗ್ಗಿ ಹಲ್ಲು ಕೊರೆದು ಮಣಿಕಟ್ಟು ಹಿಡಿದಿರೋವಾಗ ನನಗೆ ಗೋಡೆ ಬೇಡಪ್ಪಾ, ಬೆಟ್ಟದ ತುದಿ ಬೇಕು’ ಅಂದಳು.

ಮಾತು ಅಲ್ಲಿಂದ ಅಂಗವಿಕಲ ಆಟಗಾರರತ್ತ ಹೊರಳಿತು. 2018ರಲ್ಲಿ ಮೈಕ್ರೊಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿನಲ್ಲಿ ಅಂಗೈಯಲ್ಲೋ ಮೊಣಕೈಯಲ್ಲೋ ಒತ್ತಬಲ್ಲ ಎರಡು ದೊಡ್ಡ ಗುಂಡಿಗಳಿವೆ. ಹಿಂದೆ ಬೇರೆ ಬೇರೆ ಸ್ವಿಚ್ಚು ಸಿಕ್ಕಿಸಲು ಸಾಲಾಗಿ ಜಾಗವಿದೆ. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರಲ್ಲಿ ಇಂಥ ಅನುಕೂಲಗಳು 60ಕ್ಕೂ ಹೆಚ್ಚು. ದೃಷ್ಟಿ ಇಲ್ಲದವರೂ ಶಬ್ದದ ಸುಳಿವಿನಿಂದಲೇ ಅದನ್ನು ಆಡಿ ಮುಗಿಸಿದ್ದಾರೆ. ಇಷ್ಟು ಕೇಳಿದ ಮೇಲೂ ಬ್ಯಾಂಕಿನವನು ತನ್ನ ಪಟ್ಟು ಬಿಡಲಿಲ್ಲ. ‘ಅವೆಲ್ಲ ಇರಲಿ, ಸೆಕಿರೊ ಮಾತ್ರ ಹಾಗೇ ಇರಲಿ’ ಅಂದ. ಹುಬ್ಬಳ್ಳಿ ಹುಡುಗನಿಗೆ ನಾನು ಕೊಟ್ಟ ತೀರ್ಪು ಇಷ್ಟೇ: ನೀನು ದುಡ್ಡು ಕೊಟ್ಟಿದ್ದೀಯ, ಕೊನೆ ನೋಡಿದ್ದೀಯ, ಮುಗಿಸಿದ್ದೀಯ. ದೋಸ್ತರ ಸಹಿ ಬೇಕಿಲ್ಲ.

ಕೊಂಡ ಗೇಮ್ ಯಾರದು?

ಮಂಗಳೂರಿನ ಎಂಜಿನಿಯರ್ ಒಬ್ಬರು ಕೇಳಿದ್ದು ಬ್ಯಾಂಕಿನವನ ಕಿವಿ ನೆಟ್ಟಗಾಗುವಂಥದ್ದು: ‘ವಿಲ್‌ನಲ್ಲಿ ನನ್ನ ಗೇಮ್‌ಗಳನ್ನು ಮಗನ ಹೆಸರಿಗೆ ಬರೆಯಬಹುದೇ?’

ಅಂಗಡಿಯಿಂದ ತಂದ ಡಿಸ್ಕ್ ಆಗಿದ್ದರೆ ಕಪಾಟಿನ ಜೊತೆ ಅದೂ ಮಗನಿಗೆ ಹೋಗುತ್ತಿತ್ತು. ಈಗ ಕಂಪ್ಯೂಟರ್ ಗೇಮ್‌ಗಳನ್ನು ಹೆಚ್ಚಿನವರು ಕೊಳ್ಳುವುದು ಸ್ಟೀಮ್‌ನಂಥ ಆನ್‌ಲೈನ್ ಮಳಿಗೆಯಲ್ಲಿ. ಅಲ್ಲಿ ನಮಗೆ ಸಿಗುವುದು ಆಡುವ ಪರವಾನಗಿ. ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎಂದು ಕರಾರಿನಲ್ಲೇ ಇದೆ. ಈ ಸಂಗತಿಯನ್ನು ಗ್ರಾಹಕರಿಗೆ ಮುಚ್ಚಿಡಬಾರದೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿತು.

ಕಿಚ್ಚು ಹೊತ್ತಿಸಿದ್ದು ‘ದಿ ಕ್ರೂ’ ಎಂಬ ಕಾರ್ ಓಟದ ಗೇಮ್. ಯೂಬಿಸಾಫ್ಟ್ ಅದನ್ನು 2014ರಲ್ಲಿ ಮಾರುಕಟ್ಟೆಗೆ ತಂದಿತ್ತು. ಒಬ್ಬರೇ ಆಡುತ್ತಿದ್ದರೂ ಕಂಪನಿಯ ಸರ್ವರ್‌ಗೆ ಸಂಪರ್ಕ ಇರಲೇಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ದುಡ್ಡು ಕೊಟ್ಟು ತಂದ ಡಿಸ್ಕ್ ಕೂಡ ನಿಷ್ಪ್ರಯೋಜಕವಾಯಿತು. ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಎಬ್ಬಿಸಿದರು. ಬೆಂಬಲ ನಿಲ್ಲಿಸುವ ಕಂಪನಿ ಗೇಮನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಲಿ ಎಂಬುದಷ್ಟೇ ಅವರ ಬೇಡಿಕೆ. ಐರೋಪ್ಯ ಒಕ್ಕೂಟಕ್ಕೆ ಸಲ್ಲಿಸುವ ಆ ಮನವಿಗೆ 2025ರ ಜುಲೈನಲ್ಲಿ ಸಹಿಗಳು 10 ಲಕ್ಷ ದಾಟಿದವು.

ಹಳೆಯವುಗಳ ಗತಿ ಇನ್ನೂ ಕಷ್ಟ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಕೊಳ್ಳಲು ಸಿಗುವುದಿಲ್ಲ. ಬ್ಯಾಂಕಿನವನು ಕೊನೆಗೆ ಹೇಳಿದ್ದು: ‘ಆಸ್ತಿ ಪಟ್ಟಿಗೆ ಸೇರಿಸಬೇಡಿ ಸರ್. ಈಗಲೇ ಮಗನ ಜೊತೆ ಕೂತು ಆಡಿ.’

ಕಥೆ ಮೊದಲೇ ಗೊತ್ತಾದರೆ?

‘ಫೈನಲ್ ಫ್ಯಾಂಟಸಿ 7’ ಬಂದದ್ದು 1997ರಲ್ಲಿ. ಅದರ ನಾಯಕಿಯೊಬ್ಬಳು ನಡುದಾರಿಯಲ್ಲೇ ಸಾಯುತ್ತಾಳೆ. ಗೇಮ್ ಜಗತ್ತಿನಲ್ಲಿ ಇಷ್ಟು ಜನಕ್ಕೆ ಗೊತ್ತಿರುವ ಸಾವು ಇನ್ನೊಂದಿಲ್ಲವೇನೋ. ಅದೇ ಕಥೆಯನ್ನು ಕಂಪನಿ ಹೊಸದಾಗಿ, ಕಂತುಗಳಲ್ಲಿ ಕಟ್ಟತೊಡಗಿತು. ಎರಡನೆಯ ಕಂತು 2024ರ ಫೆಬ್ರುವರಿಯಲ್ಲಿ ಬಂತು. ಗೊತ್ತಿರುವ ಸಾವಿನ ಬಗ್ಗೆ ಮಾತಾಡುವ ಮುನ್ನ ಎಚ್ಚರಿಕೆ ಕೊಡಬೇಕೇ ಎಂದು ನಾವು ಮೂವರೂ ತಲೆ ಕೆಡಿಸಿಕೊಂಡಿದ್ದೆವು. ಕುಂದಾಪುರದ ಹಿರಿಯರೊಬ್ಬರು ಒಂದೇ ಸಾಲಿನಲ್ಲಿ ಕೇಳಿದರು: ‘ಅಭಿಮನ್ಯು ಸಾಯುತ್ತಾನೆಂದು ಗೊತ್ತಿದ್ದೂ ನಾವು ಬೆಳಗಿನವರೆಗೆ ಆಟ ನೋಡುತ್ತೇವಲ್ಲ, ನಿಮಗೇನು ತೊಂದರೆ?’ ಯಕ್ಷಗಾನದವರ ಈ ಏಟಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೊದಲ ಬಾರಿ ಆಡುವವರ ಬೆರಗು ಕಸಿಯಬಾರದು ಎಂದಷ್ಟೇ ಡಾಕ್ಟರು ಗೊಣಗಿದಳು.

ಕಾನೂನಿನ ಪ್ರಶ್ನೆಗಳೂ ಬರುತ್ತವೆ. ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಾಗ ‘ನನ್ನ ಗೇಮ್ ಬಂದ್ ಆಯ್ತಾ?’ ಎಂದು ಸಾಲುಸಾಲು ಸಂದೇಶಗಳು. ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು, ಅವುಗಳ ಜಾಹೀರಾತನ್ನು. ಇ-ಸ್ಪೋರ್ಟ್ಸ್‌ಗೆ ಅದು ಮಾನ್ಯತೆ ಕೊಟ್ಟಿದೆ. ಪಣವಿಲ್ಲದೆ ಆಡುವ ಗೇಮ್‌ಗಳಿಗೆ ತಡೆಯಿಲ್ಲ. ಇದಕ್ಕೆ ಚರ್ಚೆ ಬೇಕಿರಲಿಲ್ಲ, ತಿಳಿಸಿದರೆ ಸಾಕಿತ್ತು. ಕಂತಿನ ಆರಂಭದಲ್ಲೇ ಹೇಳಿ ಮುಗಿಸಿದೆವು.

ಊಟಕ್ಕೆ ಕರೆದರೆ ಯಾಕೆ ಬರುವುದಿಲ್ಲ?

ಇದುವರೆಗೆ ನಮಗೆ ಬಂದ ಒಳ್ಳೆಯ ಪ್ರಶ್ನೆ, ನನ್ನ ಪ್ರಕಾರ, ಗೇಮ್ ಆಡದ ಅಪ್ಪನೊಬ್ಬರದು. ಚಿಕ್ಕಮಗಳೂರು ಕಡೆಯವರು. ‘ಊಟಕ್ಕೆ ಕರೆದರೆ ಮಗ ಪಾಸ್ ಮಾಡೋಕಾಗಲ್ಲ ಅಂತಾನೆ. ಇದು ನಿಜವೋ, ನನಗೆ ಟೋಪಿ ಹಾಕ್ತಿದಾನೋ?’

ನಿಜ. ಒಬ್ಬರೇ ಆಡುವ ಗೇಮ್‌ಗಳನ್ನು ಸಾಮಾನ್ಯವಾಗಿ ಅಲ್ಲಲ್ಲೇ ನಿಲ್ಲಿಸಿ ಎದ್ದು ಬರಬಹುದು. ಅವರ ಮಗ ಆಡುತ್ತಿದ್ದದ್ದು ಬಿಜಿಎಂಐ. ಒಂದು ದ್ವೀಪದಲ್ಲಿ 100 ಜನರವರೆಗೆ ಇಳಿಯುತ್ತಾರೆ, ಕೊನೆಯವರೆಗೆ ಉಳಿದವರು ಗೆದ್ದಂತೆ. ದೊಡ್ಡ ಮ್ಯಾಪ್‌ನಲ್ಲಿ ಒಂದು ಮ್ಯಾಚ್ ಅರ್ಧ ಗಂಟೆಯಷ್ಟು ಎಳೆಯುತ್ತದೆ. ಬೇರೆ ಬೇರೆ ಊರಿನವರು ಅದೇ ಕ್ಷಣ ಆಡುತ್ತಿರುವಾಗ ಒಬ್ಬನ ಊಟಕ್ಕಾಗಿ ಸರ್ವರ್ ನಿಲ್ಲುವುದಿಲ್ಲ. ನಾಲ್ವರ ತಂಡದಲ್ಲಿ ಇವನು ಎದ್ದರೆ ಉಳಿದ ಮೂವರು ಪೆಟ್ಟು ತಿನ್ನುತ್ತಾರೆ, ನಾಳೆ ಕಾಲೇಜಿನಲ್ಲಿ ಇವನು ಬೈಸಿಕೊಳ್ಳುತ್ತಾನೆ. ಹಾಗಂತ ಮಗನಿಗೂ ವಿನಾಯಿತಿ ಕೊಡಲಿಲ್ಲ. ಒಂದು ಮ್ಯಾಚ್ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಲಾಬಿ ಎಂಬ ತಂಗುದಾಣವಿದೆ; ಅಲ್ಲಿಂದ ಎದ್ದು ಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ‘ಬಾ’ ಅನ್ನುವ ಮೊದಲು ‘ಈ ಮ್ಯಾಚ್ ಇನ್ನೆಷ್ಟು ಹೊತ್ತು?’ ಅಂತ ಕೇಳಿ, ಅವನು ಹೇಳಿದ ಹೊತ್ತಿಗೆ ಅವನನ್ನು ಕಟ್ಟಿಹಾಕಿ ಎಂದೆವು.

ಆ ಕಂತು ಬಂದ ಮೇಲೆ ಅವರದೇ ಮತ್ತೊಂದು ಸಂದೇಶ: ‘ಈಗ ಲಾಬಿಯಲ್ಲಿದ್ದಾನಾ ನೋಡಿಕೊಂಡೇ ಕರೀತೀನಿ. ಬರ್ತಾನೆ. ಮಾತೂ ಆಡ್ತಾನೆ. ಯಾವ ಬಂದೂಕು ಒಳ್ಳೇದು ಅಂತೆಲ್ಲ ನನಗೂ ಗೊತ್ತಾಗಿದೆ. ಇನ್ನೊಂದು ಡೌಟು: ಗುಂಡು ತಾಗಿದರೆ ಹೇಗಿದ್ದರೂ ಸಾಯೋ ಮನುಷ್ಯನಿಗೆ ಇವನು ದುಡ್ಡು ಕೊಟ್ಟು ಹೊಸ ಅಂಗಿ ಯಾಕೆ ಕೊಡಿಸ್ತಾನೆ?’

ಆ ಅಂಗಿಗೆ ಸ್ಕಿನ್ ಅನ್ನುತ್ತಾರೆ. ಗೇಮನ್ನು ಪುಕ್ಕಟೆ ಹಂಚುವ ಕಂಪನಿಗಳು ದುಡಿಯುವುದೇ ಅದರಿಂದ. ಮುಂದಿನ ಶನಿವಾರದ ಕಂತು ಪೂರ್ತಿ ಅದಕ್ಕೇ ಮೀಸಲು.